ಮನೆವಾರ್ತೆಯ ಮಾತು: ಹೊರನಾಡಿನ ಎಂ.ಬಿ.ಎ.ಯೂ ಮನೆಯ ಕ್ರಯಪತ್ರವೂ

ಕಳೆದ ಸಂಚಿಕೆಯಲ್ಲಿ, ಮಳೆಗಾಲಕ್ಕೆ ಮುಂಚಿತವಾಗಿ ಮನೆಯ ಹೆಂಚುಗಳನ್ನು ಕೈಯಾಡಿಸಿಕೊಳ್ಳುವ ವಿಷಯವನ್ನು ಕುರಿತು ಬರೆದಿದ್ದೆನಷ್ಟೆ. ಈ ಸಲ ಬಾವಿಯ ನೀರಿನ ಶುದ್ಧಿಯನ್ನು ಕುರಿತು ಬರೆಯಬೇಕೆಂದು ಸಂಕಲ್ಪಿಸಿ ನಾಲ್ಕು ಸಾಲುಗಳನ್ನು ಬರೆದೂ ಇದ್ದೆನು. ಅಷ್ಟರಲ್ಲಿ ಮನೆಗೇ ಸಂಬಂಧಿಸಿದ ಬೇರೊಂದು ಪ್ರಸಂಗವು ಬಂದೊದಗಿದುದರಿಂದ ಬಾವಿಯು ಮುಂದಿನ ತಿಂಗಳವರೆಗೆ ಕಾಯಬೇಕಾಗಿದೆ.

ನಮ್ಮ ಬೀದಿಯ ಕೊನೆಯ ಮನೆಯವರು ಅಂಚೆಯ ಇಲಾಖೆಯಿಂದ ನಿವೃತ್ತರಾದ ಸದ್ಗೃಹಸ್ಥರು. ಹೋದ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಅವರು ತಮ್ಮ ಮಗಳೊಡನೆ ನಮ್ಮ ಮನೆಗೆ ದಯಮಾಡಿಸಿದರು. ಆ ಹುಡುಗಿಯು ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನಲ್ಲಿ ಸಂಸ್ಕೃತವನ್ನು ಓದಿದವಳು. ಬಳಿಕ ಇಂಜಿನಿಯರಿಂಗ್ ಪದವಿಯನ್ನು ಪಡೆದು, ಆಸ್ಪತ್ರೆಯ ಯಂತ್ರೋಪಕರಣಗಳನ್ನು ಮಾಡುವ ಬೆಂಗಳೂರಿನ ಒಂದು ಕಂಪೆನಿಯಲ್ಲಿ ಐದು ವರ್ಷಗಳಿಂದ ಕೆಲಸದಲ್ಲಿರುವಳು. ಅವಳ ಕೈಯಲ್ಲಿ ಮೂರು ಪ್ರವೇಶಪತ್ರಗಳಿದ್ದುವು. ಒಂದು ಅಮೆರಿಕಾದ ವಿಶ್ವವಿದ್ಯಾನಿಲಯವೊಂದರ ಎರಡು ವರ್ಷಗಳ ಎಂ.ಬಿ.ಎ. ವ್ಯಾಸಂಗಕ್ಕೆ, ಇನ್ನೊಂದು ಇಂಗ್ಲೆಂಡಿನಲ್ಲಿ ಒಂದು ವರ್ಷದ್ದು, ಮೂರನೆಯದು ಜರ್ಮನಿಯ ಒಂದು ವಿದ್ಯಾಲಯದ್ದು, ಅದೂ ಒಂದು ವರ್ಷದ್ದೇ. ತಂದೆಯ ಕೈಯಲ್ಲಿ ಬಟ್ಟೆಯ ಚೀಲವೊಂದು. ಅದರೊಳಗೆ ಕೆಂಪು ವಸ್ತ್ರದಲ್ಲಿ ಸುತ್ತಿದ ಮನೆಯ ಕ್ರಯಪತ್ರ. ಆ ಮನೆಯು ಅವರ ತಂದೆಯವರು ಕಟ್ಟಿಸಿದ್ದು.

“ಮೇಷ್ಟ್ರೇ, ಈ ಮೂರರಲ್ಲಿ ಯಾವುದು ಉತ್ತಮವೆಂದು ಒಂದು ಮಾತು ಹೇಳಿಬಿಡಿ. ನಾಳೆಯೇ ಬ್ಯಾಂಕಿಗೆ ಹೋಗಿ ಮನೆಯನ್ನು ಆಧಾರಮಾಡಿ ಸಾಲಕ್ಕೆ ಅರ್ಜಿಯನ್ನು ಹಾಕಿಬಿಡುತ್ತೇನೆ” ಎಂದರು.

ಆ ‘ಒಂದು ಮಾತು’ ಎಂಬುದನ್ನು ಕೇಳಿ ನನ್ನ ಎದೆಯು ಝಲ್ಲೆಂದಿತು. ಅಂತಹ ಒಂದು ಮಾತನ್ನು ನಾನು ಹಿಂದೊಮ್ಮೆ, 2014ನೆಯ ಇಸವಿಯಲ್ಲಿ, ಹೇಳಿದ್ದುಂಟು. ಸಾಗರದ ಕಡೆಯ ಅಡಕೆ ತೋಟದ ಗೃಹಸ್ಥರೊಬ್ಬರ ಮಗ, ನನ್ನ ಶಿಷ್ಯ, ಅಮೆರಿಕಾದ ಎರಡು ವಿದ್ಯಾಲಯಗಳಿಂದ ಪತ್ರಗಳನ್ನು ತಂದು ನನ್ನ ಮುಂದಿಟ್ಟಿದ್ದನು. ಪತ್ರಿಕೆಯಲ್ಲಿ ಅಚ್ಚಾಗಿದ್ದ ಶ್ರೇಣಿಪಟ್ಟಿಯಲ್ಲಿ ಒಂದು ಮೂವತ್ತರ ಆಸುಪಾಸಿನಲ್ಲಿಯೂ ಇನ್ನೊಂದು ಎಪ್ಪತ್ತರ ಆಸುಪಾಸಿನಲ್ಲಿಯೂ ಇದ್ದುವು. ಎಪ್ಪತ್ತರದು ಅರ್ಧ ಶುಲ್ಕವನ್ನು ಬಿಟ್ಟುಕೊಡುವುದಾಗಿ ಬರೆದಿತ್ತು. ಯಂತ್ರಕಾರ್ಖಾನೆಗಳ ನಡುವಣ ಊರಿನಲ್ಲಿಯೂ ಇತ್ತು. ಹುಡುಗನು ಅದುವರೆಗೆ ದುಡಿದುದೂ ಯಂತ್ರಕಾರ್ಖಾನೆಯಲ್ಲಿಯೇ. ಇವೆಲ್ಲವೂ ಅವನ ಪತ್ರಗಳಲ್ಲಿಯೇ ಇದ್ದುವು. ನಾನು ಮಾತ್ರ ಪಟ್ಟಿಯನ್ನು ನೋಡಿ, ಮೂವತ್ತೇ ಮೇಲೆಂದು, ಮೂವತ್ತೈದು ವರ್ಷ ಅಂಕಗಳನ್ನು ಕೊಡುವುದೇ ಕಸುಬಾಗಿದ್ದವನಿಗೆ ಸಹಜವಾದ ತೀರ್ಪನ್ನು ಕೊಟ್ಟೆನು.

ಹುಡುಗನು ಚೆನ್ನಾಗಿಯೇ ಓದಿ 2016ರಲ್ಲಿ ತೇರ್ಗಡೆಯಾದನು. ವ್ಯಾಸಂಗವಾದ ಮೇಲೆ ಅಲ್ಲಿ ಕೆಲಸಮಾಡಲು ಅವನಿಗೆ ದೊರೆತ ಅನುಮತಿಯು ಹನ್ನೆರಡು ತಿಂಗಳಿನದು. ಅದಕ್ಕೂ ಮುಂದೆ ನಿಲ್ಲಬೇಕಾದರೆ ಕೆಲಸ ಕೊಟ್ಟವರು ಎಚ್-1ಬಿ ಎಂಬ ವೀಸಾಕ್ಕೆ ಅರ್ಜಿ ಹಾಕಬೇಕು. ಅರ್ಜಿಗಳು ಹೆಚ್ಚಾದರೆ ಚೀಟಿ ಎತ್ತಿ ಆರಿಸುವುದು ಅಲ್ಲಿನ ಪದ್ಧತಿ. ಆ ವರ್ಷ 85,000 ಸ್ಥಾನಗಳಿಗೆ ಸುಮಾರು 2,36,000 ಅರ್ಜಿಗಳು ಬಂದಿದ್ದುವು. ಅವನ ಚೀಟಿಯು ಏಳಲಿಲ್ಲ. ಮರುವರ್ಷವೂ ಏಳಲಿಲ್ಲ. 2017ರ ಬೇಸಗೆಯಲ್ಲಿ ಡಾಲರಿನ ಲೆಕ್ಕದ ಸಾಲವನ್ನು ಹೊತ್ತು, ರೂಪಾಯಿಯ ಲೆಕ್ಕದ ಸಂಬಳಕ್ಕೆ ಹಿಂದಿರುಗಿದನು. ಎರಡು ವರ್ಷ ಹೇಗೋ ಕಂತುಗಳನ್ನು ಕಟ್ಟಿದರು. 2019ರಲ್ಲಿ ತೋಟದ ಕೆಳಗಣ ಒಂದು ಎಕರೆಯು ಕೈಬಿಟ್ಟುಹೋಯಿತು.

ಅವನ ತಂದೆಯವರು ಇಂದಿನವರೆಗೆ ನನಗೆ ಒಂದು ನಿಷ್ಠುರದ ಮಾತನ್ನೂ ಆಡಿಲ್ಲ. ಪ್ರತಿ ವರ್ಷವೂ ಅವರ ಮನೆಯಿಂದ ಅಪ್ಪೆಮಿಡಿಯ ಉಪ್ಪಿನಕಾಯಿಯ ಭರಣಿಯು ತಪ್ಪದೆ ಬರುತ್ತದೆ. ಅದನ್ನು ಬಡಿಸುವಾಗ ನನ್ನ ಮನೆಯವರು ಏನನ್ನೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಆದುದರಿಂದ ನೆರೆಮನೆಯವರಿಗೆ ನಾನು ಆ ಒಂದು ಮಾತನ್ನು ಹೇಳದೆ, ತಂದೆಮಕ್ಕಳಿಬ್ಬರನ್ನೂ ಕುಳ್ಳಿರಿಸಿ, ಕಾಫಿಯನ್ನು ತರಿಸಿ, ಒಂದು ಕಾಗದವನ್ನೂ ಪೆನ್ಸಿಲನ್ನೂ ತೆಗೆದುಕೊಂಡೆನು. ಅಂದಿನಿಂದ ಮೂರು ಭಾನುವಾರಗಳವರೆಗೆ ನಡೆದ ವಿಚಾರವನ್ನು, ಇಂತಹ ಪತ್ರಗಳು ಬಂದಿರುವ ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಶಾಸ್ತ್ರಗ್ರಂಥಗಳ ಆದಿಯಲ್ಲಿ ನಾಲ್ಕು ಸಂಗತಿಗಳನ್ನು ಹೇಳುವ ಸಂಪ್ರದಾಯವುಂಟು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಗ್ರಂಥವು ಏನನ್ನು ಹೇಳುತ್ತದೆ, ಓದಿದವನಿಗೆ ಏನು ಸಿಕ್ಕುತ್ತದೆ, ಓದಿಗೂ ಆ ಸಿಕ್ಕುವುದಕ್ಕೂ ಏನು ನಂಟು, ಓದಲು ಯಾರು ಅರ್ಹರು ಎಂಬುದನ್ನು ಮೊದಲೇ ತಿಳಿಸಿಬಿಡುತ್ತಾರೆ. ತನಗೆ ಬೇಡವಾದವನು ಅಲ್ಲಿಯೇ ಪುಸ್ತಕವನ್ನು ಮುಚ್ಚಬಹುದು. ಈ ವಿದ್ಯಾಲಯಗಳವರು ಕಳುಹಿಸುವ ಬಣ್ಣಬಣ್ಣದ ಪುಸ್ತಿಕೆಗಳಲ್ಲಿ ವಿಷಯವು ಯಥೇಚ್ಛವಾಗಿರುತ್ತದೆ. ಹುಲ್ಲುಹಾಸಿನ ಮೇಲೆ ಕುಳಿತು ನಗುತ್ತಿರುವ ತರುಣತರುಣಿಯರ ಚಿತ್ರಗಳೂ ಯಥೇಚ್ಛವಾಗಿರುತ್ತವೆ. (ಅವರಲ್ಲಿ ಒಬ್ಬರಾದರೂ ಪುಸ್ತಕವನ್ನು ತೆರೆದಿರುವುದನ್ನು ನಾನು ಕಾಣೆ.) ಉಳಿದ ಮೂರನ್ನು ನಾವೇ ಅಗೆದು ತೆಗೆಯಬೇಕು.

ಅಧಿಕಾರಿಯ ಮಾತನ್ನು ಬೇಗ ಮುಗಿಸುತ್ತೇನೆ. ಹೆಸರಾದ ವಿದ್ಯಾಲಯಗಳಲ್ಲಿ ಈ ವ್ಯಾಸಂಗಕ್ಕೆ ಬರುವವರು ಸಾಮಾನ್ಯವಾಗಿ ನಾಲ್ಕೈದು ವರ್ಷಗಳ ಕೆಲಸದ ಅನುಭವವುಳ್ಳವರು. ಬಿ.ಕಾಂ. ಮುಗಿದ ಮರುತಿಂಗಳೇ ಹೊರಡುವವನಿಗೆ ಪ್ರವೇಶವು ಸಿಕ್ಕರೆ, ಹುಡುಗನ ಯೋಗ್ಯತೆಯ ಜೊತೆಗೆ ಆ ವಿದ್ಯಾಲಯದ ಯೋಗ್ಯತೆಯನ್ನೂ ಸ್ವಲ್ಪ ವಿಚಾರಿಸುವುದು ಒಳ್ಳೆಯದು. ಪ್ರವೇಶಕ್ಕೆ ಬೇಕಾದ ಜಿಮ್ಯಾಟ್ ಪರೀಕ್ಷೆಯು ಈಗ ಎರಡೂಕಾಲು ಗಂಟೆಯದು, ಅಂಕಗಳು 205ರಿಂದ 805ರವರೆಗೆ. ಫಲಿತಾಂಶವು ಐದು ವರ್ಷಗಳವರೆಗೆ ನಿಲ್ಲುತ್ತದೆ. ಆದುದರಿಂದ ಪರೀಕ್ಷೆಯನ್ನು ಮೊದಲು ಬರೆದು, ಹಣವನ್ನು ಕೂಡಿಟ್ಟುಕೊಂಡು, ಎರಡು ವರ್ಷ ತಡೆದು ಹೋದರೆ ನಷ್ಟವೇನೂ ಇಲ್ಲ.

ಪ್ರಯೋಜನದಲ್ಲಿಯೇ ಎಲ್ಲವೂ ಅಡಗಿದೆ. “ಓದಿದ ಮೇಲೆ ಏನು ಮಾಡಬೇಕೆಂದಿದ್ದೀಯಮ್ಮ?” ಎಂದು ಕೇಳಿದೆನು. ಹುಡುಗಿಯು ಮೊದಲು, “ಆಡಳಿತದ ಕಡೆಗೆ ಹೋಗಬೇಕು, ಮೇಷ್ಟ್ರೇ” ಎಂದಳು. ಇದು ‘ಪಟ್ಟಣಕ್ಕೆ ಹೋಗಬೇಕು’ ಎಂದಂತಾಯಿತು. ಯಾವ ಪಟ್ಟಣವೆಂದು ಹೇಳದ ಹೊರತು ಯಾವ ಬಸ್ಸನ್ನು ಹತ್ತಬೇಕೆಂದು ಯಾರು ಹೇಳಬಲ್ಲರು? ಮತ್ತೆ ಮತ್ತೆ ಕೇಳಿದ ಮೇಲೆ, ಅರ್ಧ ಗಂಟೆಯಾದ ಬಳಿಕ ನಿಜವು ಹೊರಬಂದಿತು. ಆಸ್ಪತ್ರೆಯ ಯಂತ್ರೋಪಕರಣಗಳ ವ್ಯವಹಾರದಲ್ಲಿಯೇ ಇರಬೇಕೆಂಬುದು ಅವಳ ಇಚ್ಛೆ. ಯಂತ್ರವನ್ನು ಮಾಡುವುದರಿಂದ, ಯಾವ ಯಂತ್ರವನ್ನು ಯಾವ ಬೆಲೆಗೆ ಯಾರಿಗಾಗಿ ಮಾಡಬೇಕೆಂದು ನಿರ್ಣಯಿಸುವ ಕಡೆಗೆ ಹೋಗಬೇಕೆಂಬುದು ಗುರಿ. ಹೊರನಾಡಿನಲ್ಲಿ ಮೂರು ನಾಲ್ಕು ವರ್ಷ ದುಡಿದು, ತಂದೆತಾಯಿಗಳಿಗೆ ವಯಸ್ಸಾಗುವ ಹೊತ್ತಿಗೆ ಹಿಂದಿರುಗಬೇಕೆಂಬುದು ಮನಸ್ಸು. ತಂದೆಯವರು ಈ ಕಡೆಯ ಮಾತನ್ನು ಅಂದೇ ಮೊದಲು ಕೇಳಿದ್ದು. ಮಗಳು ಅಲ್ಲಿಯೇ ನೆಲೆಸುತ್ತಾಳೆಂದು ಅವರೂ, ತಾನು ಅಲ್ಲಿ ನೆಲೆಸಬೇಕೆಂದು ತಂದೆಯು ಬಯಸುತ್ತಾರೆಂದು ಅವಳೂ ತಿಳಿದುಕೊಂಡಿದ್ದರಂತೆ. ಒಂದೇ ಮನೆಯಲ್ಲಿ ಒಂದು ವರ್ಷ ಈ ವಿಷಯವಾಗಿ ಮಾತನಾಡಿಯೂ ಇದೊಂದು ಮಾತು ಬಂದಿರಲಿಲ್ಲ.

ಪ್ರಯೋಜನವು ತಿಳಿದೊಡನೆ ಶ್ರೇಣಿಪಟ್ಟಿಯ ಬೆಲೆಯು ಇಳಿಯಿತು. ಈ ಪಟ್ಟಿಗಳು ಹೇಗೆ ಆಗುತ್ತವೆಂಬುದನ್ನು ಬಲ್ಲವರು ನಮ್ಮಲ್ಲಿ ಕಡಮೆ. ಲಂಡನ್ನಿನ ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆಯು 1999ರಿಂದ ಪ್ರಕಟಿಸುತ್ತಿರುವ ಪಟ್ಟಿಯಲ್ಲಿ, ತೇರ್ಗಡೆಯಾಗಿ ಮೂರು ವರ್ಷವಾದವರ ಸಂಬಳಕ್ಕೆ ಹೆಚ್ಚಿನ ಮಹತ್ವ. ಆ ಸಂಬಳವಾದರೂ ಅವರು ಬ್ಯಾಂಕಿನಲ್ಲಿ ಕಂಡ ಸಂಬಳವಲ್ಲ. ಆಯಾ ದೇಶದಲ್ಲಿ ಒಂದು ಡಾಲರಿಗೆ ಎಷ್ಟು ಸಾಮಾನು ಬರುತ್ತದೆಂಬ ಲೆಕ್ಕದಿಂದ ಹಿಗ್ಗಿಸಿದ್ದು ಅಥವಾ ಕುಗ್ಗಿಸಿದ್ದು. ವಿದ್ಯಾಲಯಗಳನ್ನು ಒಂದಕ್ಕೊಂದು ಹೋಲಿಸಲು ಈ ಲೆಕ್ಕವು ನ್ಯಾಯವೇ. ಆದರೆ ಆ ಅಂಕೆಯನ್ನು ಕಂಡು ಇಷ್ಟು ಹಣವು ಕೈಗೆ ಬರುತ್ತದೆಂದು ಸಾಲವನ್ನು ಎತ್ತುವುದು ಬೇರೆ ಮಾತು. ಇನ್ನು, ಪಟ್ಟಿಗೆ ಬೇಕಾದ ಅಂಕಿಸಂಖ್ಯೆಗಳ ಬಹುಭಾಗವನ್ನು ಒದಗಿಸುವವರು ಆಯಾ ವಿದ್ಯಾಲಯದವರೇ. ಫಿಲಡೆಲ್ಫಿಯಾ ನಗರದ ಒಂದು ವಿದ್ಯಾಲಯದ ಮುಖ್ಯಸ್ಥರಾಗಿದ್ದವರು ಪಟ್ಟಿಯಲ್ಲಿ ಮೇಲೇರುವುದಕ್ಕಾಗಿ ಸುಳ್ಳು ಅಂಕೆಗಳನ್ನು ಕಳುಹಿಸಿದರೆಂದು 2021ರಲ್ಲಿ ನ್ಯಾಯಾಲಯದಲ್ಲಿ ಅಪರಾಧವು ಸಿದ್ಧವಾಗಿ, ಮರುವರ್ಷ ಹದಿನಾಲ್ಕು ತಿಂಗಳ ಸೆರೆಮನೆಯ ಶಿಕ್ಷೆಯಾಯಿತು. ಪಟ್ಟಿಗಳೆಲ್ಲವೂ ಸುಳ್ಳೆಂದು ನಾನು ಹೇಳುತ್ತಿಲ್ಲ. ಮೊದಲ ಹತ್ತು ಹದಿನೈದರಲ್ಲಿರುವ ವಿದ್ಯಾಲಯಗಳ ಹೆಸರು ಯಾವ ದೇಶದಲ್ಲಿಯೂ ಕೆಲಸಕ್ಕೆ ಬರುತ್ತದೆ. ಆದರೆ ಮೂವತ್ತಕ್ಕೂ ಎಪ್ಪತ್ತಕ್ಕೂ ನಡುವಣ ಅಂತರವು, ಆ ಊರಿನಲ್ಲಿ ನಮ್ಮ ಹುಡುಗನ ಕಸುಬಿಗೆ ಕೆಲಸ ಕೊಡುವವರಿದ್ದಾರೆಯೆ ಎಂಬುದರ ಮುಂದೆ ಅಲ್ಪವಾದುದು. ಇದನ್ನು ನಾನು ಒಂದು ಎಕರೆ ತೋಟದ ಬೆಲೆಯನ್ನು ಬೇರೊಬ್ಬರಿಂದ ತೆರಿಸಿ ಕಲಿತಿದ್ದೇನೆ.

ಸ್ಥಾನಸಂಖ್ಯೆಗಿಂತ ಹೆಚ್ಚಾಗಿ ನೋಡತಕ್ಕದ್ದು ವಿದ್ಯಾಲಯವು ಪ್ರತಿ ವರ್ಷವೂ ಹೊರಡಿಸುವ ಉದ್ಯೋಗದ ವರದಿ. ಕ್ರಮಬದ್ಧವಾದ ವರದಿಯಲ್ಲಿ, ತೇರ್ಗಡೆಯಾದ ಮೂರು ತಿಂಗಳೊಳಗೆ ಕೆಲಸ ಸಿಕ್ಕಿದವರೆಷ್ಟು ಮಂದಿ ಎಂಬುದು ಇರುತ್ತದೆ. ಅಲ್ಲಿ ಎರಡು ವಿಷಯಗಳಲ್ಲಿ ಎಚ್ಚರವಿರಬೇಕು. ಮೊದಲನೆಯದು, ನೂರಕ್ಕೆ ಇಷ್ಟು ಎಂಬ ಲೆಕ್ಕವು ‘ಕೆಲಸವನ್ನು ಹುಡುಕುತ್ತಿದ್ದವರ’ ಪೈಕಿ; ಕೆಲಸ ಬೇಡವೆಂದವರನ್ನೂ, ತಮ್ಮ ಹಳೆಯ ಕಂಪೆನಿಯ ಖರ್ಚಿನಲ್ಲಿ ಓದಲು ಬಂದವರನ್ನೂ, ಏನನ್ನೂ ತಿಳಿಸದವರನ್ನೂ ಹೊರಗಿಟ್ಟಿರುತ್ತಾರೆ. ಎರಡನೆಯದು ನಮಗೆ ಬಹು ಮುಖ್ಯ. ಅಮೆರಿಕಾದ ಒಳ್ಳೆಯ ವರದಿಗಳಲ್ಲಿ, ಅಲ್ಲಿ ಶಾಶ್ವತವಾಗಿ ಕೆಲಸಮಾಡುವ ಹಕ್ಕುಳ್ಳವರನ್ನೂ ಆ ಹಕ್ಕಿಲ್ಲದವರನ್ನೂ ಬೇರೆಬೇರೆ ಸಾಲಿನಲ್ಲಿ ತೋರಿಸುತ್ತಾರೆ. ನಮ್ಮ ಮಕ್ಕಳು ಎರಡನೆಯ ಸಾಲಿನವರು. ಮೊದಲ ಸಾಲಿನ ಅಂಕೆಯು ಎಷ್ಟೇ ಉಜ್ಜ್ವಲವಾಗಿದ್ದರೂ ಅದು ಮದುವೆಯ ಮನೆಯಲ್ಲಿ ಪಕ್ಕದ ಪಂಕ್ತಿಗೆ ಬಡಿಸಿದ ಹೋಳಿಗೆಯಂತೆಯೇ ಸರಿ. ಆ ಸಾಲನ್ನೇ ಬೇರೆಯಾಗಿ ತೋರಿಸದ ವಿದ್ಯಾಲಯಕ್ಕೆ ಪತ್ರವನ್ನು ಬರೆದು ಕೇಳಬೇಕು. ಅವರು ಕೊಡುವ ಉತ್ತರದಿಂದಲೂ, ಕೊಡದೆ ಹೋದರೆ ಆ ಮೌನದಿಂದಲೂ, ಅನೇಕ ಸಂಗತಿಗಳು ತಿಳಿಯುತ್ತವೆ.

ಇದಕ್ಕೆ ಸೇರಿದ್ದೇ ವೀಸಾದ ವಿಚಾರ. ಅಮೆರಿಕಾದಲ್ಲಿ ಓದು ಮುಗಿದ ಮೇಲೆ ಹನ್ನೆರಡು ತಿಂಗಳು ಕೆಲಸಮಾಡಲು ಅನುಮತಿಯುಂಟು. ವ್ಯಾಸಂಗವು ವಿಜ್ಞಾನ, ತಂತ್ರವಿದ್ಯೆ, ಗಣಿತಗಳ ವರ್ಗಕ್ಕೆ ಸೇರಿದ್ದೆಂದು ಗೊತ್ತುಮಾಡಲ್ಪಟ್ಟಿದ್ದರೆ ಇನ್ನೂ ಇಪ್ಪತ್ತನಾಲ್ಕು ತಿಂಗಳು ವಿಸ್ತರಿಸುತ್ತಾರೆ. ಈಗೀಗ ಅನೇಕ ವಿದ್ಯಾಲಯಗಳು ತಮ್ಮ ಎಂ.ಬಿ.ಎ.ಯನ್ನು, ಪೂರ್ತಿಯಾಗಿಯೋ ಅದರ ಕೆಲವು ಶಾಖೆಗಳನ್ನು ಮಾತ್ರವೋ, ಆ ವರ್ಗಕ್ಕೆ ಸೇರಿಸಿಕೊಂಡಿವೆ. ನನ್ನ ಆ ಶಿಷ್ಯನ ಕಾಲದಲ್ಲಿ ಇದು ವಿರಳವಾಗಿತ್ತು. ವಿದ್ಯಾರ್ಥಿಗೆ ಕೊಡುವ ಐ-20 ಎಂಬ ಪತ್ರದಲ್ಲಿ ವ್ಯಾಸಂಗದ ಸಂಕೇತಸಂಖ್ಯೆಯು ನಮೂದಾಗಿರುತ್ತದೆ. ಅದನ್ನು ಕಣ್ಣಾರೆ ನೋಡಿಯೇ ನಂಬಬೇಕು. ಒಂದು ವರ್ಷಕ್ಕೂ ಮೂರು ವರ್ಷಕ್ಕೂ ಇರುವ ಭೇದವೆಂದರೆ ಎಚ್-1ಬಿ ಚೀಟಿಯಲ್ಲಿ ಹೆಸರು ಹಾಕಲು ಇನ್ನೆರಡು ಅವಕಾಶಗಳು. ಆ ಸ್ಥಾನಗಳಲ್ಲಿ 65,000 ಎಲ್ಲರಿಗೂ, 20,000 ಅಮೆರಿಕಾದಲ್ಲಿಯೇ ಸ್ನಾತಕೋತ್ತರ ಪದವಿಯನ್ನು ಪಡೆದವರಿಗೆ. ಆದರೆ ಈ ಇಪ್ಪತ್ತು ಸಾವಿರಕ್ಕೆ ಸೇರಬೇಕಾದರೆ ಪದವಿಯನ್ನು ಕೊಟ್ಟದ್ದು ಸರ್ಕಾರಿ ಅಥವಾ ಲಾಭೋದ್ದೇಶವಿಲ್ಲದ ಮಾನ್ಯಸಂಸ್ಥೆಯಾಗಿರಬೇಕು. ಲಾಭಕ್ಕಾಗಿ ನಡೆಯುವ ಶಾಲೆಗೆ ಹಣವನ್ನು ಕಟ್ಟಿದವರಿಗೆ ಈ ಬಾಗಿಲು ತೆರೆಯುವುದಿಲ್ಲ.

ನಿಯಮಗಳಾದರೂ ನಿಂತ ನೀರಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕಾದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರುಗಳನ್ನು ವಿಧಿಸಿ ಘೋಷಣೆಯನ್ನು ಹೊರಡಿಸಿದಾಗ ಎಷ್ಟು ಮನೆಗಳಲ್ಲಿ ಆ ರಾತ್ರಿ ಊಟ ಸೇರಲಿಲ್ಲವೋ! ಅಲ್ಲಿಯೇ ಓದಿ, ದೇಶದಿಂದ ಹೊರಗೆ ಹೋಗದೆ ವಿದ್ಯಾರ್ಥಿಯ ಸ್ಥಿತಿಯಿಂದ ಕೆಲಸದ ಸ್ಥಿತಿಗೆ ಬದಲಾಗುವವರಿಗೆ ಅದು ಅನ್ವಯಿಸುವುದಿಲ್ಲವೆಂದು ಅಕ್ಟೋಬರಿನಲ್ಲಿ ಸ್ಪಷ್ಟಪಡಿಸಿದರು. ಡಿಸೆಂಬರಿನಲ್ಲಿ, ಎಲ್ಲರಿಗೂ ಸಮನಾದ ಚೀಟಿಯ ಬದಲು ಹೆಚ್ಚಿನ ಸಂಬಳದ ದರ್ಜೆಯವರಿಗೆ ಹೆಚ್ಚಿನ ಅವಕಾಶವನ್ನು ಕೊಡುವ ನಿಯಮವನ್ನು ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ 2021ರ ಜುಲೈಯಿಂದ, ಪದವಿಯಾದ ಮೇಲೆ ಎರಡು ವರ್ಷ ನಿಲ್ಲುವ ಅವಕಾಶವು ಬಂದಿತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದನ್ನು ಹದಿನೆಂಟು ತಿಂಗಳಿಗೆ ಇಳಿಸಿರುವುದಾಗಿ ಪ್ರಕಟಿಸಿದ್ದಾರೆ. ಅಲ್ಲದೆ 2024ರ ಜನವರಿಯಿಂದ ಎಂ.ಬಿ.ಎ.ಯಂತಹ ವ್ಯಾಸಂಗಕ್ಕೆ ಹೋಗುವವರು ಪತಿಯನ್ನಾಗಲಿ ಪತ್ನಿಯನ್ನಾಗಲಿ ಮಕ್ಕಳನ್ನಾಗಲಿ ತಮ್ಮ ಆಶ್ರಿತರೆಂದು ಕರೆದೊಯ್ಯುವಂತಿಲ್ಲ. ಹೊಸದಾಗಿ ಮದುವೆಯಾದವರು ಇದನ್ನು ಮರೆಯಬಾರದು. ಕೆನಡಾ ದೇಶದವರು 2024ರಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿಯನ್ನು ಹಾಕಿದರೂ, ಅದೇ ವರ್ಷ, ಎರಡು ವರ್ಷಕ್ಕೆ ಕಡಮೆಯಾದ ಸ್ನಾತಕೋತ್ತರ ವ್ಯಾಸಂಗವನ್ನು ಮಾಡಿದವರಿಗೂ ಮೂರು ವರ್ಷಗಳ ಕೆಲಸದ ಅನುಮತಿಯು ದೊರೆಯುವಂತೆ ಮಾಡಿದರು. ಜರ್ಮನಿಯಲ್ಲಿ ಪದವೀಧರರಿಗೆ ಕೆಲಸವನ್ನು ಹುಡುಕಿಕೊಳ್ಳಲು ಹದಿನೆಂಟು ತಿಂಗಳ ಕಾಲಾವಕಾಶವುಂಟು. ಪ್ರವೇಶಪತ್ರವು ಬಂದ ದಿನದ ನಿಯಮವು ಪದವಿಯು ಬರುವ ದಿನ ಹಾಗೆಯೇ ಇರುತ್ತದೆಂದು ಯಾರೂ ಬರೆದುಕೊಡಲಾರರು.

ಆದುದರಿಂದಲೇ ನಾನು ಒಂದು ಒರೆಗಲ್ಲನ್ನು ಹಿಡಿದುಕೊಂಡೆನು: ಹೊರನಾಡಿನಲ್ಲಿ ಒಂದು ದಿನವೂ ಕೆಲಸ ಸಿಕ್ಕದೆ ಮಗುವು ನೇರವಾಗಿ ಮನೆಗೆ ಬಂದರೆ, ಇಲ್ಲಿನ ಸಂಬಳದಲ್ಲಿ ಆ ಸಾಲವನ್ನು ತೀರಿಸಲು ಸಾಧ್ಯವೆ? ಲೆಕ್ಕವು ಸುಲಭ. ನೂರಕ್ಕೆ ಹತ್ತರ ಬಡ್ಡಿಯಲ್ಲಿ ಹತ್ತು ವರ್ಷಗಳಲ್ಲಿ ತೀರಿಸುವುದಾದರೆ, ಒಂದು ಲಕ್ಷ ರೂಪಾಯಿ ಸಾಲಕ್ಕೆ ತಿಂಗಳಿಗೆ ಸುಮಾರು 1,320 ರೂಪಾಯಿಗಳ ಕಂತು. ಸಾಲವು ಎಷ್ಟು ಲಕ್ಷವೋ ಅಷ್ಟರಿಂದ ಇದನ್ನು ಗುಣಿಸಿದರಾಯಿತು. ಇದಕ್ಕೆ ಗಣಿತದ ಉಪಾಧ್ಯಾಯರು ಬೇಕಿಲ್ಲ.

ನೆರೆಮನೆಯವರ ಪತ್ರಗಳನ್ನು ಈ ಕಲ್ಲಿಗೆ ತಿಕ್ಕಿ ನೋಡಿದೆವು. ಅಮೆರಿಕಾಕ್ಕೆ ಹೋಗಲು ಹುಡುಗಿಯ ಉಳಿತಾಯವೆಲ್ಲವೂ ಖರ್ಚಾಗಿ ಮೇಲೆ 80 ಲಕ್ಷ ಸಾಲ ಬೇಕು. ಕಂತು ತಿಂಗಳಿಗೆ 1,05,600. ಇಂಗ್ಲೆಂಡಿಗೆ 45 ಲಕ್ಷ, ಕಂತು 59,400. ಜರ್ಮನಿಗೆ 28 ಲಕ್ಷ. ಕಂತು ಸುಮಾರು 37,000. ಈಗ ಅವಳ ಕೈಗೆ ಬರುವ ಸಂಬಳ ತೊಂಬತ್ತು ಸಾವಿರ. ಹಿಂದಿರುಗಿ ಬಂದು ಅದರ ಒಂದೂವರೆಯಷ್ಟನ್ನು ಗಳಿಸಿದರೂ 1,35,000. ಅದರಲ್ಲಿ ಒಂದು ಲಕ್ಷಕ್ಕೂ ಮೇಲೆ ಬ್ಯಾಂಕಿಗೆ ಹೋದರೆ ಬೆಂಗಳೂರಿನಲ್ಲಿ ಬಾಡಿಗೆಯನ್ನು ಕೊಟ್ಟು ಬದುಕುವ ಬಗೆ ಯಾವುದು? ತಂದೆಯವರು ಈ ಅಂಕೆಯನ್ನು ಎರಡು ಸಲ ತಾವೇ ಗುಣಿಸಿ ನೋಡಿದರು. ಅಂಚೆಯ ಕಛೇರಿಯಲ್ಲಿ ಉಳಿತಾಯದ ಖಾತೆಗಳನ್ನು ನೋಡಿಕೊಳ್ಳುತ್ತಿದ್ದವರು, ಗುಣಾಕಾರವು ತಪ್ಪಿರಲಿಲ್ಲ.

ಇದರ ಮೇಲೆ ಇನ್ನೂ ಕೆಲವು ಬಾಬುಗಳುಂಟು. ಓದುವ ಕಾಲದಲ್ಲಿಯೂ, ಅದಾದ ಮೇಲೆ ಆರು ತಿಂಗಳೋ ಒಂದು ವರ್ಷವೋ, ಕಂತು ಕಟ್ಟಬೇಕಿಲ್ಲವೆಂದು ಬ್ಯಾಂಕಿನವರು ಹೇಳುವುದು ನಿಜ. ಬಡ್ಡಿಯು ಮಾತ್ರ ರಜೆಯನ್ನು ತೆಗೆದುಕೊಳ್ಳುವುದಿಲ್ಲ. ಎಂಬತ್ತು ಲಕ್ಷಕ್ಕೆ ವರ್ಷಕ್ಕೆ ಎಂಟು ಲಕ್ಷ ಬೆಳೆಯುತ್ತದೆ. ಎರಡನೆಯ ವರ್ಷದ ಶುಲ್ಕವನ್ನು ಆ ವರ್ಷದ ಡಾಲರಿನ ಬೆಲೆಯಲ್ಲಿ ಕಟ್ಟಬೇಕು. 2010ರಲ್ಲಿ ಡಾಲರೊಂದಕ್ಕೆ ನಾವು ಸುಮಾರು 46 ರೂಪಾಯಿ ಕೊಡುತ್ತಿದ್ದೆವು. 2025ರ ಡಿಸೆಂಬರಿನಲ್ಲಿ 90ನ್ನು ದಾಟಿತು. ಏಳೂವರೆ ಲಕ್ಷಕ್ಕೆ ಮೇಲ್ಪಟ್ಟ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರವನ್ನು ಕೇಳುತ್ತವೆ. ಆಯ್ದ ಕೆಲವು ವಿದ್ಯಾಲಯಗಳಿಗಾದರೆ ಆಧಾರವಿಲ್ಲದೆಯೂ ಕೊಡುವುದುಂಟು. ಮನೆಯ ಪತ್ರವನ್ನು ಕೊಡುವುದಕ್ಕೆ ಮೊದಲು ತಮ್ಮ ಮಗುವಿನ ವಿದ್ಯಾಲಯವು ಆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸುವುದು ಗೃಹಸ್ಥರ ಕರ್ತವ್ಯ. ಜರ್ಮನಿಗೆ ಹೋಗುವವರು ಮೊದಲ ವರ್ಷದ ಜೀವನದ ಖರ್ಚಿಗೆಂದು ಒಂದು ಕಟ್ಟಿಟ್ಟ ಖಾತೆಯಲ್ಲಿ ಹಣವನ್ನು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಅದನ್ನು 11,904 ಯೂರೋಗಳೆಂದು ಗೊತ್ತುಮಾಡಿದರು.

ಎರಡು ವರ್ಷದ ವ್ಯಾಸಂಗವು ವ್ಯರ್ಥವೆಂದು ಯಾರೂ ತಿಳಿಯಬಾರದು. ಹಾರ್ವರ್ಡಿನಲ್ಲಿ 1908ರಲ್ಲಿ ಈ ಪದವಿಯನ್ನು ಆರಂಭಿಸಿದಾಗಿನಿಂದಲೂ ಅಮೆರಿಕಾದಲ್ಲಿ ಎರಡು ವರ್ಷದ್ದೇ ರೂಢಿ. ನಡುವಣ ಬೇಸಗೆಯಲ್ಲಿ ವಿದ್ಯಾರ್ಥಿಯು ಯಾವುದಾದರೊಂದು ಕಂಪೆನಿಯಲ್ಲಿ ಎರಡು ಮೂರು ತಿಂಗಳು ದುಡಿಯುತ್ತಾನೆ. ಹಳೆಯ ಕಸುಬನ್ನು ಬಿಟ್ಟು ಪೂರ್ತಿಯಾಗಿ ಹೊಸದಕ್ಕೆ ಹೋಗುವವನಿಗೆ ಆ ಬೇಸಗೆಯೇ ಬಾಗಿಲು. ಅನೇಕರಿಗೆ ಕೆಲಸವು ಅಲ್ಲಿಂದಲೇ ಸಿಕ್ಕುತ್ತದೆ. ಪ್ಯಾರಿಸ್ಸಿನ ಸಮೀಪದಲ್ಲಿ 1957ರಲ್ಲಿ ಸ್ಥಾಪಿತವಾದ ಇನ್ಸಿಯಾಡ್ ವಿದ್ಯಾಲಯವು ಹತ್ತೇ ತಿಂಗಳಲ್ಲಿ ಮುಗಿಸುತ್ತದೆ. ಇರುವ ಕಸುಬಿನಲ್ಲಿಯೇ ಮೇಲೇರುವವನಿಗೆ ಈ ಮಾದರಿಯು ಸಾಕು, ಸಂಬಳವಿಲ್ಲದ ಒಂದು ವರ್ಷವೂ ಉಳಿಯುತ್ತದೆ. ನಮ್ಮ ಹುಡುಗಿಯು ಎರಡನೆಯ ಬಗೆಯವಳು. ಇಷ್ಟು ಹೊತ್ತಿಗೆ ಅವಳೇ, “ಹಾಗಾದರೆ ನಮ್ಮ ಬನ್ನೇರುಘಟ್ಟ ರಸ್ತೆಯ ಐ.ಐ.ಎಂ.ನಲ್ಲಿಯೂ ಒಂದು ವರ್ಷದ್ದು ಇದೆಯಲ್ಲ, ಮೇಷ್ಟ್ರೇ?” ಎಂದಳು. ಇದೆ, ಐದು ವರ್ಷ ಅನುಭವವುಳ್ಳವರಿಗಾಗಿಯೇ ಇದೆ. ಹೊರನಾಡಿನ ಪತ್ರಗಳ ಜೊತೆಗೆ ಅದನ್ನೂ ಒಂದು ಸಾಲಾಗಿ ಬರೆದುಕೊಂಡೆವು.

ಸಂಬಂಧ ಎಂಬುದು ಉಳಿಯಿತು. ಊರಿಗೂ ಕಸುಬಿಗೂ ಇರುವ ನಂಟು. ಅಮೆರಿಕಾದ ಮಿನ್ನೆಸೋಟಾದಲ್ಲಿಯೂ ಬಾಸ್ಟನ್ನಿನ ಸುತ್ತಲೂ ವೈದ್ಯಯಂತ್ರಗಳ ಕಂಪೆನಿಗಳು ಹೇರಳವಾಗಿವೆ. ಅವಳಿಗೆ ಪ್ರವೇಶ ಸಿಕ್ಕಿದ ವಿಶ್ವವಿದ್ಯಾನಿಲಯವು ಇವೆರಡಕ್ಕೂ ಬಹು ದೂರ. ಅಲ್ಲಿಂದ ತೇರ್ಗಡೆಯಾದವರ ಪೈಕಿ ಈ ಕಸುಬಿಗೆ ಹೋದವರು ವರದಿಯಲ್ಲಿ ಕಾಣಲಿಲ್ಲ. ಜರ್ಮನಿಯ ಟುಟ್ಲಿಂಗೆನ್ ಎಂಬ ಸಣ್ಣ ಊರು ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಲೋಕಪ್ರಸಿದ್ಧ. ಎರ್ಲಾಂಗೆನ್ ಎಂಬಲ್ಲಿ ಸೀಮೆನ್ಸ್‌ನವರ ವೈದ್ಯಯಂತ್ರಗಳ ಕೇಂದ್ರವುಂಟು. ಆದರೆ ಅಲ್ಲಿ ಒಂದು ತೊಡಕು. ಪಾಠವು ಇಂಗ್ಲಿಷಿನಲ್ಲಿ ನಡೆದರೂ ಕಾರ್ಖಾನೆಯ ಮಾತು ಜರ್ಮನ್. ಭಾಷೆಯನ್ನು ಕಲಿಯದೆ ಹೋದವರು ಹದಿನೆಂಟು ತಿಂಗಳೂ ಬಾಗಿಲುಗಳನ್ನು ತಟ್ಟುತ್ತಲೇ ಕಳೆಯಬೇಕಾದೀತು. ಇದನ್ನು ಅವಳಿಗೆ ಮರೆಮಾಚದೆ ಹೇಳಿದೆನು.

ಮಧ್ಯಸ್ಥರ ವಿಷಯವಾಗಿ ಒಂದು ಮಾತು. ಪೇಟೆಯಲ್ಲಿ ‘ಉಚಿತ ಸಲಹೆ’ ಎಂದು ಹಲಗೆಯನ್ನು ಹಾಕಿಕೊಂಡಿರುವ ಅನೇಕರಿಗೆ ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳ ವಿದ್ಯಾಸಂಸ್ಥೆಗಳು ವಿದ್ಯಾರ್ಥಿಯೊಬ್ಬನಿಗೆ ಇಷ್ಟು ಎಂದು ದಲ್ಲಾಳಿಯ ಹಣವನ್ನು ಕೊಡುತ್ತವೆ. ಅವರೆಲ್ಲರೂ ಕೆಟ್ಟವರಲ್ಲ, ಆದರೆ ಹಣ ಕೊಡುವವರನ್ನು ಬಿಟ್ಟು ಬೇರೆಯವರನ್ನು ಹೊಗಳಲು ಅವರಿಗೆ ಬಿಡುವಿರುವುದಿಲ್ಲ. ಅದಕ್ಕಿಂತ, ಅದೇ ವಿದ್ಯಾಲಯದಲ್ಲಿ ಎರಡು ಮೂರು ವರ್ಷಗಳ ಹಿಂದೆ ಓದಿದ ನಮ್ಮ ಕಡೆಯ ಮಕ್ಕಳಿಗೆ ಬರೆದು ಕೇಳುವುದು ಮೇಲು. ಕೆಲಸ ಸಿಕ್ಕಿದವರನ್ನಷ್ಟೇ ಅಲ್ಲದೆ ಸಿಕ್ಕದವರನ್ನೂ ಹುಡುಕಿ ಕೇಳಬೇಕು. ವಿದ್ಯಾಲಯಕ್ಕೆ ಎ.ಎ.ಸಿ.ಎಸ್.ಬಿ., ಇಕ್ವಿಸ್, ಆಂಬಾ ಎಂಬ ಮನ್ನಣೆಗಳಲ್ಲಿ ಒಂದಾದರೂ ಇದೆಯೇ ಎಂದು ನೋಡಿಕೊಳ್ಳಬೇಕು. ವಿದ್ಯಾರ್ಥಿವೇತನಗಳಿಗೆ ಒಂದು ವರ್ಷ ಮೊದಲೇ ಕೈಹಾಕಬೇಕು. ಜೆ. ಎನ್. ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿಯಿಂದ ಹೊರನಾಡಿಗೆ ಓದಲು ಹೋಗುವ ಭಾರತೀಯರಿಗೆ ಸಾಲರೂಪದ ನೆರವು ಇಂದಿಗೂ ದೊರೆಯುತ್ತದೆ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವೇತನವನ್ನು ಪಡೆದವರು ಎರಡು ವರ್ಷ ಸ್ವದೇಶಕ್ಕೆ ಹಿಂದಿರುಗಬೇಕೆಂಬ ಷರತ್ತುಂಟು. ಹೇಗೂ ಹಿಂದಿರುಗುವ ಮನಸ್ಸುಳ್ಳವರಿಗೆ ಅದು ಷರತ್ತೇ ಅಲ್ಲ. ಪ್ರವೇಶವನ್ನು ಕೊಟ್ಟ ವಿದ್ಯಾಲಯಕ್ಕೇ ಬರೆದು, ಶುಲ್ಕದಲ್ಲಿ ಏನಾದರೂ ಬಿಡಬಲ್ಲಿರಾ ಎಂದು ವಿನಯವಾಗಿ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ನಮ್ಮವರು ತರಕಾರಿಯಂಗಡಿಯಲ್ಲಿ ಒಂದು ರೂಪಾಯಿಗೆ ಚೌಕಾಸಿ ಮಾಡಿ, ಹತ್ತು ಲಕ್ಷದ ಮುಂದೆ ಮೌನವಾಗಿರುತ್ತಾರೆ.

ಹುಡುಗಿಯು ಅಂದು ರಾತ್ರಿಯೇ ಮೂರು ವಿದ್ಯಾಲಯಗಳಿಗೂ ಒಂದೇ ಪ್ರಶ್ನೆಯನ್ನು ಬರೆದು ಕಳುಹಿಸಿದಳು: ಹೋದ ವರ್ಷ ಹೊರನಾಡಿನಿಂದ ಬಂದು ಕೆಲಸವನ್ನು ಹುಡುಕಿದವರು ಎಷ್ಟು ಮಂದಿ, ಮೂರು ತಿಂಗಳೊಳಗೆ ಸಿಕ್ಕಿದವರೆಷ್ಟು, ಯಾವ ಕಸುಬಿನಲ್ಲಿ? ಅಮೆರಿಕಾದಿಂದ ಇನ್ನೊಂದು ಬಣ್ಣದ ಪುಸ್ತಿಕೆಯು ಬಂದಿತು. ಇಂಗ್ಲೆಂಡಿನಿಂದ, ಮುಂಗಡದ ಹಣವನ್ನು ಕಟ್ಟಲು ಕಡೆಯ ದಿನವು ಸಮೀಪಿಸುತ್ತಿದೆಯೆಂಬ ಜ್ಞಾಪಕಪತ್ರವು ಬಂದಿತು. ಜರ್ಮನಿಯವರು ಒಂದು ಕೋಷ್ಟಕವನ್ನು ಕಳುಹಿಸಿದರು. ಅಂಕೆಗಳು ಅಷ್ಟೇನೂ ಉಜ್ಜ್ವಲವಾಗಿರಲಿಲ್ಲ. ಕೆಲಸ ಸಿಕ್ಕದವರ ಸಾಲು ಅಲ್ಲಿ ಬಿಟ್ಟುಹೋಗಿರಲಿಲ್ಲ. ಜೊತೆಗೆ ಇಬ್ಬರು ಹಳೆಯ ವಿದ್ಯಾರ್ಥಿಗಳ ವಿಳಾಸಗಳನ್ನು, ಅವರ ಒಪ್ಪಿಗೆಯನ್ನು ಪಡೆದು, ಕೊಟ್ಟಿದ್ದರು. ಅವರಲ್ಲಿ ಒಬ್ಬನು ಹುಬ್ಬಳ್ಳಿಯವನಂತೆ. ಕನ್ನಡದಲ್ಲಿಯೇ ಒಂದು ಗಂಟೆ ಮಾತನಾಡಿದನಂತೆ.

ಅವಳು ಪ್ರವೇಶವನ್ನು ಮುಂದಿನ ವರ್ಷಕ್ಕೆ ಮುಂದೂಡಿಸಿಕೊಳ್ಳಲು ಬರೆದಿದ್ದಾಳೆ, ಅವರು ಒಪ್ಪಿದ್ದಾರೆ. ಈ ವರ್ಷದ ಉಳಿತಾಯವೂ ಸೇರಿದರೆ ಸಾಲವು ಇಪ್ಪತ್ತೆಂಟರಿಂದ ಇಪ್ಪತ್ತೊಂದಕ್ಕೆ ಇಳಿಯುತ್ತದೆಂದು ತಂದೆಯವರ ಲೆಕ್ಕ. ಬೆಂಗಳೂರಿನ ಐ.ಐ.ಎಂ.ಗೂ ಅರ್ಜಿ ಹಾಕುವಳು. ಕ್ರಯಪತ್ರವು ಮತ್ತೆ ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ಪೆಟ್ಟಿಗೆಯ ತಳವನ್ನು ಸೇರಿದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಶನಿವಾರ ಶನಿವಾರ ಜರ್ಮನ್ ಪಾಠಕ್ಕೆ ಸೇರಿದ್ದಾಳೆ. ಮೊನ್ನೆ ಊರಿಗೆ ಬಂದವಳು ಪುಸ್ತಕವನ್ನು ತಂದು ತೋರಿಸಿ, “ಮೇಷ್ಟ್ರೇ, ಇದರಲ್ಲಿ ವಿಭಕ್ತಿಗಳು ನಾಲ್ಕೇ! ಆದರೆ ಲಿಂಗಗಳು ಮೂರೂ ಇವೆ, ಅದೂ ನಮ್ಮ ಸಂಸ್ಕೃತದಂತೆಯೇ ಹೇಳಲಸಾಧ್ಯ” ಎಂದಳು. ಪ್ರೌಢಶಾಲೆಯಲ್ಲಿ ‘ರಾಮ’ ಶಬ್ದವನ್ನು ಒಪ್ಪಿಸಲು ಅಳುತ್ತಿದ್ದವಳು ಇವಳೇ. ಪುಸ್ತಕವನ್ನು ಒಂದು ವಾರ ಇಟ್ಟುಕೊಂಡು ಓದುತ್ತೇನೆಂದು ಅವಳಿಂದ ಇಸಿದುಕೊಂಡಿದ್ದೇನೆ.